ಕಡಲಾಚೆಯ ಶಾಲೆ

ಪರದೇಶಕ್ಕೆ ಹೊರಟವರ ಮನೆಯಲ್ಲಿ ಮಾತೆಲ್ಲ ಸಾಮಾನಿನ ಸುತ್ತಲೇ ಸುತ್ತುತ್ತದೆ. ಮಿಡಿ ಉಪ್ಪಿನಕಾಯಿಯ ಭರಣಿ ವಿಮಾನವೇರಬಹುದೇ, ಅಲ್ಲಿನ ಚಳಿಗೆ ಈ ಹೊದಿಕೆ ಸಾಕೇ, ದೇವರ ಪಟವನ್ನು ಪೆಟ್ಟಿಗೆಯ ಯಾವ ಮೂಲೆಯಲ್ಲಿಟ್ಟರೆ ಗಾಜು ಒಡೆಯದೆ ಉಳಿದೀತು - ಇಂಥ ಪ್ರಶ್ನೆಗಳ ಗದ್ದಲದಲ್ಲಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಯಾರ ಕಣ್ಣಿಗೂ ಬೀಳದೆ ಕುಳಿತಿರುತ್ತದೆ. ನನ್ನ ತಂಗಿಯ ಮನೆಯಲ್ಲಿ ಅದು ಎದ್ದು ನಿಂತದ್ದು 2022ರ ಮೇ ತಿಂಗಳಲ್ಲಿ, ಹೊರಡುವುದಕ್ಕೆ ಮೂರೇ ತಿಂಗಳು ಉಳಿದಿದ್ದಾಗ. ಆಕೆಯ ಗಂಡ ಬೆಂಗಳೂರಿನಲ್ಲಿ ಎಂಜಿನಿಯರು; ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲಸ ದೊರಕಿತ್ತು. ಮಗಳಿಗೆ ಒಂಬತ್ತು ವರ್ಷ, ಮೂರನೆಯ ತರಗತಿ ಮುಗಿದಿತ್ತು. ಮಗನಿಗೆ ಐದು. “ಅಣ್ಣಾ, ನೀನು ಮೇಷ್ಟ್ರಲ್ಲವೇ? ಮಕ್ಕಳನ್ನು ಅಲ್ಲಿ ಯಾವ ಶಾಲೆಗೆ ಸೇರಿಸೋಣ, ಹೇಳು” ಎಂದಳು ತಂಗಿ.

ನಾನು ಮಂಗಳೂರಿನ ಕಾಲೇಜೊಂದರಲ್ಲಿ ಪದವಿ ತರಗತಿಗಳಿಗೆ ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿಕೊಂಡಿರುವವನು. ಜರ್ಮನಿಯ ಶಾಲೆಗಳ ವಿಷಯದಲ್ಲಿ ನನಗೂ ಕೆರೆಯ ಏರಿಯ ಮೇಲಿನ ಬಕಪಕ್ಷಿಗೂ ಸಮಾನವಾದ ತಿಳಿವಳಿಕೆ. ಆದರೆ ಸೋದರಮಾವನೆನಿಸಿಕೊಂಡವನಿಗೆ ‘ಗೊತ್ತಿಲ್ಲ’ ಎನ್ನುವ ಸವಲತ್ತಿಲ್ಲ. ಅಲ್ಲಿರುವ ಪರಿಚಿತರನ್ನು ವಿಚಾರಿಸಿದೆ, ಸಿಕ್ಕಿದ್ದನ್ನೆಲ್ಲ ಓದಿದೆ.

ನಮ್ಮ ಕರಾವಳಿಯಲ್ಲಿ ಇಂಥ ಪ್ರಶ್ನೆಗೆ ಸಿದ್ಧ ಉತ್ತರವೊಂದು ಮೊದಲೇ ಇದೆ. ದುಬೈ, ಮಸ್ಕತ್, ಕುವೈತುಗಳಲ್ಲಿ ಮಗನೋ ಅಳಿಯನೋ ಇಲ್ಲದ ಬೀದಿ ನಮ್ಮಲ್ಲಿ ಅಪರೂಪ. ಆ ಊರುಗಳಲ್ಲಿ ಭಾರತೀಯ ಶಾಲೆಗಳಿವೆ. ನಮ್ಮದೇ ಕೇಂದ್ರೀಯ ಮಂಡಳಿಯ ಪಠ್ಯ, ನಮ್ಮದೇ ಹತ್ತನೆಯ ತರಗತಿಯ ಪರೀಕ್ಷೆ. ಮಗು ಅಲ್ಲಿ ಓದಿ ಬಂದು ಪಿಯುಸಿಗೆ ಮಂಗಳೂರಿನಲ್ಲೋ ಮೂಡುಬಿದಿರೆಯಲ್ಲೋ ಸೇರಿಕೊಂಡರೆ ಒಂದು ಪುಟ ಮಗುಚಿದಷ್ಟು ಸಲೀಸು. ಹೀಗಾಗಿ ತಂಗಿಯ ಮಾವನವರು, “ಅದಕ್ಕೇಕೆ ಇಷ್ಟು ತಲೆಬಿಸಿ? ಅಲ್ಲಿಯೂ ಒಂದು ಇಂಡಿಯನ್ ಸ್ಕೂಲು ಇದ್ದೇ ಇರುತ್ತದೆ” ಎಂದು ತೀರ್ಪಿತ್ತುಬಿಟ್ಟರು. ಅವರು ಮರೆತದ್ದು ಇಷ್ಟೇ: ಕೊಲ್ಲಿಯ ದೇಶಗಳಲ್ಲಿ ಹೊರಗಿನಿಂದ ಬಂದ ನೌಕರನಿಗೆ ಪೌರತ್ವವೆಂಬುದು ಬಹುಮಟ್ಟಿಗೆ ಇಲ್ಲದ ಮಾತು. ಎಷ್ಟು ವರ್ಷ ದುಡಿದರೂ ಒಂದು ದಿನ ಊರಿಗೆ ಮರಳಲೇಬೇಕು. ಆದ್ದರಿಂದ ಅಲ್ಲಿ ಭಾರತೀಯ ಶಾಲೆ ಸಹಜವಾಗಿ ಹುಟ್ಟಿ ಬೆಳೆಯಿತು. ಯುರೋಪಿಗೆ ಹೋಗುವವನ ದಾರಿ ಹಾಗೆ ನೇರವಲ್ಲ. ಮೂರು ವರ್ಷವೆಂದು ಹೋದವನು ಮೂವತ್ತು ವರ್ಷ ನಿಂತಾನು. ಮೂವತ್ತೆಂದು ಹೋದವನು ಮೂರರಲ್ಲಿ ಹಿಂತಿರುಗಿಯಾನು. ಕೇಳಿದರೆ ನನ್ನ ಭಾವಮೈದುನ ಕೂಡ, “ನೋಡೋಣ ಭಾವ, ಸದ್ಯಕ್ಕೆ ನಾಲ್ಕು ವರ್ಷದ ಒಪ್ಪಂದ” ಎಂದನೇ ಹೊರತು ಖಂಡಿತವಾಗಿ ಏನನ್ನೂ ಹೇಳಲಿಲ್ಲ.

ಇನ್ನು ಜರ್ಮನಿಯ ವ್ಯವಸ್ಥೆ. ಅಲ್ಲಿ ಶಿಕ್ಷಣ ಆಯಾ ರಾಜ್ಯಗಳ ಕೈಯಲ್ಲಿದೆ. ಮ್ಯೂನಿಕ್ ನಗರವಿರುವುದು ಬವೇರಿಯಾ ರಾಜ್ಯದಲ್ಲಿ. ಆರು ವರ್ಷ ತುಂಬಿದ ಮಗು ಶಾಲೆಗೆ ಹೋಗಲೇಬೇಕೆಂಬುದು ಕಾನೂನು. ಮನೆಯಲ್ಲೇ ಪಾಠ ಹೇಳಿಕೊಡುತ್ತೇವೆ ಎಂದರೆ ಒಪ್ಪುವುದಿಲ್ಲ. ಸರಕಾರಿ ಶಾಲೆಗೆ ಶುಲ್ಕವಿಲ್ಲ. ಪ್ರಾಥಮಿಕ ಶಾಲೆಯನ್ನು ಅಲ್ಲಿ ‘ಗ್ರುಂಡ್‌ಶೂಲೆ’ ಎನ್ನುತ್ತಾರೆ. ಯಾವ ಬೀದಿಯ ಮಗು ಯಾವ ಶಾಲೆಗೆಂಬುದು ಬವೇರಿಯಾದಲ್ಲಿ ಮೊದಲೇ ಗೆರೆ ಎಳೆದು ಗೊತ್ತುಮಾಡಿದ್ದು. ಎಂದರೆ ಬಾಡಿಗೆಯ ಮನೆಗೆ ರುಜು ಹಾಕಿದಾಗ ಶಾಲೆಗೂ ರುಜು ಹಾಕಿದಂತೆ. ಊರಿನ ಅತ್ಯುತ್ತಮ ಶಾಲೆ ಯಾವುದೆಂದು ಹುಡುಕಿ, ಅದರ ಬಾಗಿಲಲ್ಲಿ ಬೆಳಗಿನ ಜಾವದಿಂದ ಸಾಲುನಿಂತು ಅರ್ಜಿ ತರುವ ಬೆಂಗಳೂರಿನ ತಂದೆತಾಯಿಗಳಿಗೆ ಇದು ಒಂದು ಬಗೆಯ ಅಪಮಾನವೆಂದೇ ತೋರೀತು. ಪಕ್ಕದ ಮನೆಯ ಚಾಲಕನ ಮಗನೂ ಎದುರುಮನೆಯ ವೈದ್ಯರ ಮಗಳೂ ಒಂದೇ ಶಾಲೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೆಂದು ಕೇಳಿದಾಗ ನನಗಂತೂ ಸಂತೋಷವಾಯಿತು. ನಾನು ಓದಿದ ಹಳ್ಳಿಯ ಶಾಲೆಯೂ ಹಾಗೆಯೇ ಇತ್ತು.

ಆದರೆ ಸಂತೋಷ ಪೂರ್ತಿಯಾಗುವ ಮುನ್ನ ಇನ್ನೊಂದು ಸಂಗತಿ ತಿಳಿದು ಎದೆ ಧಸಕ್ಕೆಂದಿತು. ಬವೇರಿಯಾದಲ್ಲಿ ಈ ಸಮಾನತೆ ನಾಲ್ಕೇ ವರ್ಷದ್ದು. ಬರ್ಲಿನ್, ಬ್ರಾಂಡೆನ್‌ಬುರ್ಗ್ ರಾಜ್ಯಗಳಲ್ಲಿ ಪ್ರಾಥಮಿಕ ಶಾಲೆ ಆರು ವರ್ಷ. ಬವೇರಿಯಾ ಸೇರಿದಂತೆ ಉಳಿದೆಡೆ ಸಾಮಾನ್ಯವಾಗಿ ನಾಲ್ಕು. ನಾಲ್ಕನೆಯ ತರಗತಿಯ ಮೇ ತಿಂಗಳಿನಲ್ಲಿ, ಮಗುವಿಗೆ ಹತ್ತು ವರ್ಷವಿರುವಾಗ, ಒಂದು ಪ್ರಮಾಣಪತ್ರ ಕೈಗೆ ಬರುತ್ತದೆ. ಜರ್ಮನ್ ಭಾಷೆ, ಗಣಿತ, ಪರಿಸರ ಪಾಠ - ಈ ಮೂರರ ಅಂಕಗಳ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ವಿಶ್ವವಿದ್ಯಾನಿಲಯದ ಕಡೆಗೆ ಒಯ್ಯುವ ‘ಗಿಮ್ನಾಸಿಯುಮ್’, 2.66ರವರೆಗೆ ನಡುವಣ ದಾರಿಯಾದ ‘ರೆಯಾಲ್‌ಶೂಲೆ’. ಅದಕ್ಕೂ ಹಿಂದುಳಿದರೆ ಕಸುಬಿನ ಕಡೆಗೆ ತಿರುಗುವ ‘ಮಿಟ್ಟೆಲ್‌ಶೂಲೆ’. ಅಲ್ಲಿ ಒಂದು ಎಂಬುದು ಅತ್ಯುತ್ತಮ, ಆರು ಎಂಬುದು ಅತ್ಯಂತ ಕಳಪೆ. ಮುಂದೆ ಒಂದು ದಾರಿಯಿಂದ ಇನ್ನೊಂದಕ್ಕೆ ದಾಟಲು ಸೇತುವೆಗಳಿವೆ, ನಿಜ. ರೆಯಾಲ್‌ಶೂಲೆ ಮುಗಿಸಿ ಉಚ್ಚ ಶಿಕ್ಷಣಕ್ಕೆ ಹೋದವರು ಎಷ್ಟೋ ಮಂದಿ. ಆದರೂ ಹತ್ತು ವರ್ಷದ ಮಗುವನ್ನು ಮೂರು ದಾರಿ ಕೂಡುವಲ್ಲಿ ನಿಲ್ಲಿಸುವುದೆಂದರೆ ಅಲ್ಲಿನ ತಂದೆತಾಯಿಗಳಿಗೇ ನಿದ್ದೆಗೇಡು. 2000ದಲ್ಲಿ ನಡೆದ ಮೊದಲ ‘ಪಿಸಾ’ ಪರೀಕ್ಷೆಯ ಫಲಿತಾಂಶ ಮರುವರ್ಷದ ಕೊನೆಗೆ ಹೊರಬಿದ್ದಾಗ ಆ ದೇಶ ಬೆಚ್ಚಿಬಿದ್ದಿತು. ಜರ್ಮನ್ ಮಕ್ಕಳ ಸಾಧನೆ ಮುಂದುವರಿದ ದೇಶಗಳ ಸರಾಸರಿಗಿಂತ ಕೆಳಗಿತ್ತು. ಅದಕ್ಕಿಂತ ಹೆಚ್ಚಾಗಿ, ಮಗುವಿನ ಸಾಧನೆ ಮನೆಯ ಅಂತಸ್ತನ್ನು ಅನುಸರಿಸುವುದು ಅಲ್ಲಿರುವಷ್ಟು ಬಲವಾಗಿ ಇತರ ಕಡೆ ಇರಲಿಲ್ಲ. ಮಕ್ಕಳನ್ನು ಇಷ್ಟು ಬೇಗ ಬೇರ್ಪಡಿಸುವುದು ಸರಿಯೇ ಎಂಬ ಹಳೆಯ ಚರ್ಚೆಗೆ ಅಂದಿನಿಂದ ಹೊಸ ಕಾವು ಬಂದಿತು.

ನಮ್ಮ ಹುಡುಗಿಯ ಗತಿ ಏನು? ವಯಸ್ಸಿನ ಲೆಕ್ಕದಲ್ಲಿ ಆಕೆ ಸೆಪ್ಟೆಂಬರಿನಲ್ಲಿ ನಾಲ್ಕನೆಯ ತರಗತಿಗೆ ಸೇರಬೇಕು. ಜರ್ಮನ್ ಭಾಷೆಯ ಒಂದು ಪದವೂ ಅರಿಯದ ಮಗು ಎಂಟು ತಿಂಗಳಲ್ಲಿ ಆ ಕವಲುದಾರಿಯ ಮುಂದೆ ನಿಲ್ಲಬೇಕು!

“ಅದಕ್ಕೇ ಹೇಳುವುದು, ಇಂಟರ್‌ನ್ಯಾಷನಲ್ ಸ್ಕೂಲೇ ಸರಿ” ಎಂದ ಭಾವಮೈದುನ. ಈ ಅಂತರರಾಷ್ಟ್ರೀಯ ಶಾಲೆಗಳ ವಂಶಾವಳಿ ಸ್ವಾರಸ್ಯವಾದದ್ದು. ಮೊದಲ ಮಹಾಯುದ್ಧ ಮುಗಿದು ಜಿನೀವಾದಲ್ಲಿ ರಾಷ್ಟ್ರಸಂಘ ಸ್ಥಾಪನೆಯಾದಾಗ ನಾನಾ ದೇಶದ ಅಧಿಕಾರಿಗಳು ಸಂಸಾರಸಮೇತ ಅಲ್ಲಿಗೆ ಬಂದಿಳಿದರು. ಅವರ ಮಕ್ಕಳಿಗಾಗಿ 1924ರಲ್ಲಿ ಒಂದು ಶಾಲೆ ತೆರೆಯಿತು. ಮುಂದೆ, ಯಾವ ದೇಶಕ್ಕೆ ಹೋದರೂ ಸಲ್ಲುವ ಒಂದು ಪರೀಕ್ಷೆ ಬೇಕೆಂದು 1968ರಲ್ಲಿ ಅದೇ ಊರಿನಲ್ಲಿ ‘ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್’ ಎಂಬ ಸಂಸ್ಥೆ ಹುಟ್ಟಿತು. ಎರಡು ಮೂರು ವರ್ಷಕ್ಕೊಮ್ಮೆ ದೇಶ ಬದಲಾಯಿಸುವ ರಾಯಭಾರಿಯ ಮಗುವಿಗೆ ಇದರಷ್ಟು ಉಪಕಾರಿ ಬೇರೊಂದಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಬೆಂಗಳೂರಿನ ಇಂಗ್ಲಿಷ್ ಶಾಲೆಯಿಂದ ಎದ್ದುಹೋದ ಮಗು ಅಲ್ಲಿ ಕುಳಿತುಕೊಂಡುಬಿಡಬಹುದು. ಶುಲ್ಕ ಮಾತ್ರ ಮ್ಯೂನಿಕ್ಕಿನಂಥ ನಗರದಲ್ಲಿ ಒಂದು ಮಗುವಿಗೆ ವರ್ಷಕ್ಕೆ ಇಪ್ಪತ್ತು ಸಾವಿರ ಯೂರೋ ದಾಟುವುದು ವಿಶೇಷವಲ್ಲ. ಕಂಪನಿಯೇ ಕಳುಹಿಸಿದವರಿಗೆ ಕೆಲವೊಮ್ಮೆ ಕಂಪನಿಯೇ ಅದನ್ನು ತುಂಬುತ್ತದೆ. ಭಾವಮೈದುನನದು ಅಲ್ಲಿಯ ನೌಕರರಂತೆಯೇ ನೇರ ನೇಮಕ, ಆ ಅನುಕೂಲವಿಲ್ಲ. “ಸಾಲ ಮಾಡಿದರಾಯಿತು” ಎಂದ. ತಂಗಿ ನನ್ನ ಮುಖ ನೋಡಿದಳು.

ಆ ರಾತ್ರಿ ನನಗೆ ನೆನಪಾದದ್ದು ನಮ್ಮ ಮಂಗಳೂರಿನದೇ ಒಂದು ಹಳೆಯ ಕಥೆ. ಪರದೇಶಕ್ಕೆ ಹೋದವರು ಮಕ್ಕಳನ್ನು ಎಲ್ಲಿ ಓದಿಸಬೇಕೆಂಬ ಪ್ರಶ್ನೆ ಈ ಊರಿಗೆ ಹೊಸತೇನಲ್ಲ; ದಿಕ್ಕು ಮಾತ್ರ ತಿರುವುಮುರುವಾಗಿತ್ತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರಲ್ಲಿ ಬಹುಮಂದಿ ಜರ್ಮನ್ನರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲ್, 1886ರಲ್ಲಿ ತುಳುವಿಗೆ ನಿಘಂಟು ಮಾಡಿದ ಮೆನ್ನರ್ - ಇವರೆಲ್ಲ ಆ ಬಳಗದವರು. ಕನ್ನಡ ಎಂ.ಎ. ಮಾಡಿದವನು ಈ ಹೆಸರುಗಳನ್ನು ಪರೀಕ್ಷೆಗಾಗಿಯಾದರೂ ಬಾಯಿಪಾಠ ಮಾಡಿರುತ್ತಾನೆ. ಆದರೆ ಆ ಮಿಶನರಿಗಳ ಮಕ್ಕಳ ವಿಷಯ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಬರುವುದಿಲ್ಲ. ಇಲ್ಲಿ ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಅವರನ್ನು ಯುರೋಪಿಗೆ ಕಳುಹಿಸಬೇಕೆಂದು ಮಿಶನ್ನು 1853ರಲ್ಲಿ ಕಟ್ಟಳೆ ಮಾಡಿತು. ಅವರ ವಾಸಕ್ಕೆಂದು ಬಾಸೆಲಿನಲ್ಲಿ ಮಕ್ಕಳ ಮನೆಯೊಂದನ್ನು ನಡೆಸಿತು. ಇಲ್ಲಿಯ ಹವೆ ಒಗ್ಗದೆಂಬುದು ಒಂದು ಕಾರಣ. ಇಲ್ಲಿಯ ಆಳುಕಾಳುಗಳ ಮಾತು, ನಡೆ ಅಂಟಿಕೊಂಡಾವೆಂಬ ಭಯ ಮತ್ತೊಂದು. ಮಲಯಾಳದ ನಿಘಂಟುಕಾರ ಗುಂಡರ್ಟರ ಮಗಳು ಮರಿಯಾ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಾಯಿತಂದೆ ಮಲಬಾರಿಗೆ ಮರಳಿದರು. ಆಕೆ ಪುನಃ ಅವರನ್ನು ಕಂಡದ್ದು ಹದಿಹರೆಯದಲ್ಲಿ. ಜರ್ಮನ್ ಕಾದಂಬರಿಕಾರ ಹೆರ್ಮನ್ ಹೆಸ್ಸೆಯ ತಾಯಿ ಈಕೆಯೇ.

ಪರರ ಭಾಷೆಗಳಿಗೆ ನಿಘಂಟು ಕಟ್ಟಿಕೊಟ್ಟ ಜನ ತಮ್ಮ ಮಕ್ಕಳ ನಾಲಗೆಗೆ ಆ ಭಾಷೆ ಹತ್ತೀತೆಂದು ಅಂಜಿದರಲ್ಲ ಎಂದು ಮೊದಮೊದಲು ನಾನು ಈ ಕಥೆಯನ್ನು ತುಸು ವ್ಯಂಗ್ಯದಿಂದಲೇ ತರಗತಿಯಲ್ಲಿ ಹೇಳುತ್ತಿದ್ದೆ. ಆ ರಾತ್ರಿ ಹಾಗೆ ಅನಿಸಲಿಲ್ಲ. ಅವರ ಮುಂದಿದ್ದ ಪ್ರಶ್ನೆಯೇ ನನ್ನ ತಂಗಿಯ ಮುಂದೆಯೂ ಇತ್ತು: ಮಗು ಇರುವ ನೆಲಕ್ಕೆ ಸೇರಬೇಕೇ, ಬಿಟ್ಟುಬಂದ ನೆಲಕ್ಕೆ ಸೇರಬೇಕೇ? ಇಪ್ಪತ್ತು ಸಾವಿರ ಯೂರೋ ತೆತ್ತು ಮ್ಯೂನಿಕ್ಕಿನ ನಡುವೆ ಒಂದು ಇಂಗ್ಲಿಷ್ ದ್ವೀಪದಲ್ಲಿ ಮಗುವನ್ನು ಕೂರಿಸುವುದೂ ಒಂದು ಬಗೆಯ ಮಕ್ಕಳ ಮನೆಯೇ ಅಲ್ಲವೇ? ಸಂಜೆ ಮಗು ತಾಯಿಯ ಬಳಿಗೆ ಬರುತ್ತದೆ ಎಂಬ ದೊಡ್ಡ ವ್ಯತ್ಯಾಸವನ್ನು ನಾನು ಮರೆಯುತ್ತಿಲ್ಲ.

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ನಮ್ಮ ಮನೆಮಾತು ತುಳು. ಬೆಳ್ತಂಗಡಿ ತಾಲೂಕಿನ ಹಳ್ಳಿಯ ಶಾಲೆಗೆ 1986ರಲ್ಲಿ ನನ್ನನ್ನು ಸೇರಿಸಿದಾಗ ನನಗೆ ಕನ್ನಡ ಬರುತ್ತಿರಲಿಲ್ಲ. ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ. ಕನ್ನಡದ ‘ಇಲ್ಲ’ಕ್ಕೆ ನಾವು ‘ಇಜ್ಜಿ’ ಎನ್ನುತ್ತೇವೆ. ಮೊದಲ ವಾರದಲ್ಲಿ ಮೇಷ್ಟ್ರು “ಸ್ಲೇಟು ಇಲ್ಲವೇ?” ಎಂದು ಕೇಳಿದರೆ ನಾನು ಗುಡ್ಡದಾಚೆಗಿನ ನಮ್ಮ ಮನೆಯ ಕಡೆ ಕೈ ತೋರಿಸಿದೆ. ಇಡೀ ತರಗತಿ ನಕ್ಕಿತು - ನಕ್ಕವರೂ ತುಳುವರೇ, ನನಗಿಂತ ಒಂದು ವರ್ಷ ಮುಂಚೆ ಅದೇ ತಪ್ಪು ಮಾಡಿದವರು. ಆಮೇಲೆ ಆ ಶಾಲೆಯ ಭಾಷೆಯೇ ನನಗೆ ಅನ್ನ ಕೊಟ್ಟಿತು, ಪಂಪನನ್ನು ಕೊಟ್ಟಿತು, ಈ ಲೇಖನ ಬರೆಯುವ ಕೈಯನ್ನು ಕೊಟ್ಟಿತು. ಮಾತೃಭಾಷೆಯ ಶಿಕ್ಷಣದ ಪರವಾಗಿ ನಾನು ಭಾಷಣ ಮಾಡಿದಾಗಲೆಲ್ಲ ಮನಸ್ಸಿನ ಮೂಲೆಯಲ್ಲಿ ಈ ಸಂಗತಿ ಸಣ್ಣ ಕಲ್ಲಿನಂತೆ ಒತ್ತುತ್ತದೆ. ತೆತ್ತ ಬೆಲೆಯೂ ಇದೆ. ಪತ್ರಿಕೆಯಲ್ಲಿ ನನ್ನ ಬರಹ ಬಂದರೆ ಅಮ್ಮ ಅದನ್ನು ಕತ್ತರಿಸಿ ದೇವರ ಕೋಣೆಯ ಪೆಟ್ಟಿಗೆಯಲ್ಲಿಡುತ್ತಾಳೆ, ಓದಲಾರಳು. ನಾನೇ ಕುಳಿತು ತುಳುವಿನಲ್ಲಿ ಹೇಳಬೇಕು. ಹೇಳುವಾಗ ಪ್ರತಿಸಲವೂ ಅರ್ಧಕ್ಕರ್ಧ ಬಿಟ್ಟುಹೋಗುತ್ತದೆ. ಆ ಅರ್ಧಕ್ಕೆ ತುಳುವಿನಲ್ಲಿ ಮಾತಿಲ್ಲವೆಂದಲ್ಲ, ನನಗೆ ಗೊತ್ತಿಲ್ಲ.

ಮರುದಿನ ತಂಗಿಗೆ ಹೇಳಿದೆ: “ಅವಳಿಗೆ ತುಳು, ಕನ್ನಡ, ಇಂಗ್ಲಿಷು ಮೂರೂ ಬರುತ್ತದಲ್ಲ. ನಾಲ್ಕನೆಯದು ಭಾರವಾಗದು. ಬೀದಿಯ ಶಾಲೆಗೇ ಹಾಕು. ಆದರೆ ನಾಲ್ಕನೆಯ ತರಗತಿಗೆ ಬೇಡ. ಮೂರನೆಯದಕ್ಕೆ ಸೇರಿಸಲು ಕೇಳು.” ಹೊರನಾಡಿನಿಂದ ಬಂದ ಮಗುವನ್ನು ಒಂದು ತರಗತಿ ಹಿಂದಕ್ಕೆ ಕೂರಿಸುವುದು ಅಲ್ಲಿ ಅಪರೂಪವೇನಲ್ಲವೆಂದು ತಿಳಿದಿದ್ದೆ. ಕವಲುದಾರಿ ಒಂದು ವರ್ಷ ದೂರ ಸರಿಯುತ್ತದೆ. ಭಾವಮೈದುನನಿಗೆ ಇದು ಸರಿಬರಲಿಲ್ಲ. “ಪಾಸಾದ ತರಗತಿಯಲ್ಲಿ ಮತ್ತೆ ಕೂರುವುದೇ? ಊರಿನಲ್ಲಿ ಕೇಳಿದರೆ ಏನು ಹೇಳಲಿ?” ಎಂದ. ಕೊನೆಗೆ ಶುಲ್ಕದ ಲೆಕ್ಕ ನನ್ನ ವಾದಕ್ಕಿಂತ ಬಲವಾಗಿ ಕೆಲಸ ಮಾಡಿತೆಂದು ತೋರುತ್ತದೆ. ಸೆಪ್ಟೆಂಬರಿನಲ್ಲಿ ಹುಡುಗಿ ಮೂರನೆಯ ತರಗತಿಗೆ ಸೇರಿದಳು. ದಿನಕ್ಕೊಂದು ಗಂಟೆ ಬೇರೆ ಕೂರಿಸಿ ಜರ್ಮನ್ ಹೇಳಿಕೊಡುವ ವ್ಯವಸ್ಥೆಯಾಯಿತು.

ಮೊದಲ ನಾಲ್ಕು ತಿಂಗಳು ಆಕೆ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಬೆಂಗಳೂರಿನಲ್ಲಿ ಬಾಯಿ ಮುಚ್ಚದೆ ಪಟಪಟನೆ ಮಾತಾಡುತ್ತಿದ್ದ ಹುಡುಗಿ! ಅಧ್ಯಾಪಕಿ ಒತ್ತಾಯಿಸಲಿಲ್ಲವಂತೆ, “ಕೇಳಿಸಿಕೊಳ್ಳುತ್ತಿದ್ದಾಳೆ, ಕಾಯೋಣ” ಎಂದರಂತೆ. ಕಾಯುವುದು ಮ್ಯೂನಿಕ್ಕಿನಲ್ಲಿ ಅಧ್ಯಾಪಕಿಗೆ ಸುಲಭ. ಮಂಗಳೂರಿನಲ್ಲಿ ಕುಳಿತು ಸಲಹೆ ಕೊಟ್ಟ ಮಾವನಿಗೆ ಅಲ್ಲ. ಆ ಚಳಿಗಾಲದ ಪ್ರತಿ ಭಾನುವಾರ ತಂಗಿಯ ಕರೆ ಬಂದಾಗ ನಾನು ಅಪರಾಧಿಯಂತೆ ಫೋನು ಎತ್ತುತ್ತಿದ್ದೆ. ಒಮ್ಮೆ ಮಗುವೇ ಮಾತಾಡಿ, “ಮಾವ, ಅವರು ನಕ್ಕಾಗ ಯಾಕೆ ನಕ್ಕರು ಅಂತ ನನಗೆ ಗೊತ್ತಾಗುವುದಿಲ್ಲ” ಎಂದಳು. ನನ್ನ ಸ್ಲೇಟಿನ ಕಥೆ ಹೇಳಿದೆ. ಆಕೆ ನಗಲಿಲ್ಲ.

ಜನವರಿಯ ಕೊನೆಗೆ, ಹಿಮದಲ್ಲಿ ಜಾರಿಬಿದ್ದ ಸಹಪಾಠಿಯೊಬ್ಬಳನ್ನು ಎಬ್ಬಿಸುತ್ತ, ಒಂದು ಪೂರ್ಣ ಜರ್ಮನ್ ವಾಕ್ಯ ಆಕೆಯ ಬಾಯಿಂದ ಹೊರಬಿದ್ದಿತಂತೆ. ಆಮೇಲೆ ಕಟ್ಟೆ ಒಡೆಯಿತು. ಗಣಿತದಲ್ಲಿ ‘ಒಂದು’ ಬಂದಿತೆಂದು ಆಕೆ ಸಂಭ್ರಮದಿಂದ ಅಜ್ಜಿಗೆ ತಿಳಿಸಿದಾಗ ಅಮ್ಮ ಫೋನು ಕೆಳಗಿಟ್ಟು ಕಣ್ಣೊರಸಿಕೊಂಡಳು: “ನೂರಕ್ಕೆ ಒಂದು! ಮಗುವಿಗೆ ದೃಷ್ಟಿ ತಾಗಿದೆ.” ತಿಳಿಹೇಳಲು ನನಗೆ ಅರ್ಧ ದಿನ ಹಿಡಿಯಿತು. ತಮ್ಮನ ಕಥೆ ಬೇರೆ. 2023ರ ಸೆಪ್ಟೆಂಬರಿನಲ್ಲಿ, ಅಲ್ಲಿನ ಪದ್ಧತಿಯಂತೆ, ತನ್ನಷ್ಟೇ ಎತ್ತರದ ಬಣ್ಣದ ಕಾಗದದ ಕೊಂಬಿನ ತುಂಬ ಸಿಹಿತಿಂಡಿ, ಬಣ್ಣದ ಸೀಸಕಡ್ಡಿ ಹೊತ್ತುಕೊಂಡು ಒಂದನೆಯ ತರಗತಿಗೆ ಹೋದ. ಶಿಶುವಿಹಾರದಲ್ಲೇ ಭಾಷೆ ಕಲಿತಿದ್ದವನಿಗೆ ಹೊಸತೇನೂ ಇರಲಿಲ್ಲ. ಮನೆ ಅದೇ, ಶಾಲೆ ಅದೇ. ಆದರೂ ಐದು ವರ್ಷಕ್ಕೆ ಹೋದ ಮಗುವಿಗೂ ಒಂಬತ್ತು ವರ್ಷಕ್ಕೆ ಹೋದ ಮಗುವಿಗೂ ಅದು ಒಂದೇ ಶಾಲೆಯಾಗಿರಲಿಲ್ಲ. ಹದಿನಾಲ್ಕು ವರ್ಷದ ಮಗುವಾಗಿದ್ದರೆ ನಾನು ಈ ಸಲಹೆ ಕೊಡುತ್ತಿರಲಿಲ್ಲ; ಆಗ ಸಾಲ ಮಾಡೆಂದೇ ಹೇಳುತ್ತಿದ್ದೆನೇನೋ.

2024ರ ಮೇ ತಿಂಗಳಿನಲ್ಲಿ ಹುಡುಗಿಯ ಪ್ರಮಾಣಪತ್ರ ಬಂತು. ಗಣಿತ ಒಂದು, ಪರಿಸರ ಮೂರು, ಜರ್ಮನ್ ನಾಲ್ಕು, ಸರಾಸರಿ 2.66. ತಡವಾಗಿ ಬಂದ ಪರಭಾಷೆಯ ಮಕ್ಕಳಿಗೆ ಇರುವ ರಿಯಾಯಿತಿಯನ್ನು ಹಿಡಿದು ಗಿಮ್ನಾಸಿಯುಮಿಗೂ ಕೇಳಬಹುದಿತ್ತು. ತಂದೆಗೆ ಅದೇ ಆಸೆ. ಮನೆಯಲ್ಲಿ ಎರಡು ವಾರ ಚರ್ಚೆ ನಡೆಯಿತು, ನನ್ನನ್ನೂ ಕೇಳಿದರು. ಈ ಸಲ ನಾನು ಜಾಣನಾಗಿ, “ಅವಳನ್ನೇ ಕೇಳಿ” ಎಂದೆ. ಹಿಮದಲ್ಲಿ ಬಿದ್ದ ಆ ಗೆಳತಿ ರೆಯಾಲ್‌ಶೂಲೆಗೆ ಹೋಗುವವಳಿದ್ದಳು. ನಮ್ಮ ಹುಡುಗಿಯೂ ಅಲ್ಲಿಗೇ ಹೋದಳು. ಭಾವಮೈದುನ ಇದನ್ನು ಇನ್ನೂ ಪೂರ್ತಿಯಾಗಿ ಕ್ಷಮಿಸಿಲ್ಲ; ಅವಳನ್ನೋ ನನ್ನನ್ನೋ ತಿಳಿಯದು.

2025ರ ಆಗಸ್ಟಿನಲ್ಲಿ ಎಲ್ಲರೂ ಊರಿಗೆ ಬಂದಿದ್ದರು. ಹುಡುಗಿ ನನ್ನ ಕಪಾಟಿನಿಂದ ಪುಸ್ತಕವೊಂದನ್ನು ತೆಗೆದು ಬೆರಳಿಟ್ಟು ಓದಿದಳು. ಮೂರನೆಯ ತರಗತಿಯಲ್ಲಿ ನಿಂತ ಕನ್ನಡ ನಿಂತಲ್ಲಿಯೇ ಇದೆ. ಒತ್ತಕ್ಷರ ಬಂದಲ್ಲಿ ಎಡವುತ್ತಾಳೆ. ತುಳು ಮಾತ್ರ ಸ್ವಚ್ಛವಾಗಿದೆ, ತಾಯಿಯೊಡನೆ ಅದೇ ಮಾತಲ್ಲವೇ. ಹುಡುಗನದು ಹಾಗಲ್ಲ. ತುಳು ತಿಳಿಯುತ್ತದೆ, ಉತ್ತರ ಬರುವುದು ಜರ್ಮನಿನಲ್ಲಿ. ಒಂದು ಬೆಳಗ್ಗೆ ಅಮ್ಮ ಕಾವಲಿಯ ಮುಂದೆ ಕುಳಿತು ಅವನಿಗೆ ದೋಸೆ ಬಡಿಸುತ್ತಿದ್ದಳು. “ಇನ್ನೊಂದು ಹಾಕಲೇ?” ಎಂದು ಕೇಳಿದಳು. ಹುಡುಗ ಬಾಯ್ತುಂಬ ದೋಸೆಯಿಟ್ಟುಕೊಂಡು ‘ನೈನ್’ ಎಂದ. ಬೇಡವೆಂಬುದಕ್ಕೆ ಜರ್ಮನ್ ಮಾತು ಅದು. ತುಳುವಿನಲ್ಲಿ ‘ಐನ್’ ಎಂದರೆ ಐದು. ಮೊಮ್ಮಗ ಐದು ದೋಸೆ ಕೇಳಿದನೆಂದು ಅಮ್ಮನಿಗೆ ಹಿಡಿಸಲಾರದಷ್ಟು ಸಂತೋಷ. ಒಂದಾದ ಮೇಲೊಂದು ದೋಸೆ ತಟ್ಟೆಗೆ ಬೀಳತೊಡಗಿತು. ಹುಡುಗ ‘ನೈನ್, ನೈನ್’ ಎಂದು ಕೂಗಿದಷ್ಟೂ ಅಮ್ಮ ಹಿಟ್ಟಿನ ಪಾತ್ರೆಯನ್ನು ಹತ್ತಿರಕ್ಕೆಳೆದುಕೊಂಡಳು. ಅಕ್ಕ ಬಿದ್ದುಬಿದ್ದು ನಗುತ್ತಿದ್ದಳೇ ವಿನಾ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ.

ತಂಗಿ ಬಾಗಿಲಿಗೊರಗಿ ನಿಂತು ನೋಡುತ್ತಿದ್ದವಳು ಮೆಲ್ಲನೆ ನನ್ನ ಹತ್ತಿರ ಬಂದಳು. “ಅಣ್ಣಾ, ಬರುವ ವರ್ಷ ಇವರ ಒಪ್ಪಂದ ಮುಗಿಯುತ್ತದೆ. ಮುಂದುವರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಹಿಂದಕ್ಕೆ ಬಂದರೆ ಇವರಿಬ್ಬರನ್ನು ಇಲ್ಲಿ ಯಾವ ಶಾಲೆಗೆ ಸೇರಿಸೋಣ?”

ಅಮ್ಮ ನಾಲ್ಕನೆಯ ದೋಸೆ ಹುಯ್ಯುತ್ತಿದ್ದಳು. ನಾನು ಅದು ಬೇಯುವುದನ್ನೇ ನೋಡುತ್ತ ಕುಳಿತೆ.